ಇಬ್ಬರದ್ದೂ ಸರಿ ಅನ್ನುವ ರೆಫ್ರಿ

ಮರಳೂರಿಗೆ ಬಂದು ಲಕ್ಷ್ಮೀನರಸಿಂಹಯ್ಯನವರ ಮನೆ ಎಲ್ಲಿ ಅಂತ ಕೇಳಿ ನೋಡಿ, ಯಾರಿಗೂ ಗೊತ್ತಾಗುವುದಿಲ್ಲ. "ಅದೇ, ಇಬ್ರದ್ದೂ ಸರಿ ಅಂತಾರಲ್ಲ, ಅವ್ರಾ?" ಎಂದು ಅವರೇ ತಿರುಗಿ ಕೇಳುತ್ತಾರೆ. ನೀವು ಹೂಂ ಅಂದರೆ ಸಾಕು, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಆ ಬೀದಿಯಲ್ಲಿ ಒಂದಲ್ಲ ಒಂದು ಸಲ ಅವರ ಬಾಯಿಂದ ಸರಿ ಅನ್ನಿಸಿಕೊಳ್ಳದ ಮನುಷ್ಯನೇ ಇಲ್ಲ.

ಹುಟ್ಟಿದ್ದು ನಿಟ್ಟೂರಿನಲ್ಲಿ, ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಇರುವ ಮನೆಯಲ್ಲಿ. ಕೆಲಸ ಅಂತರಸನಹಳ್ಳಿಯ ಒಂದು ಪೈಪ್ ಫ್ಯಾಕ್ಟರಿಯಲ್ಲಿ, ಶಿಫ್ಟ್ ಸೂಪರ್‌ವೈಸರ್. ಪೈಪಿನ ವಿಷಯ ಅವರಿಗೆ ಹೆಚ್ಚೇನೂ ಗೊತ್ತಿಲ್ಲ. ಆದರೆ ಅವರ ಶಿಫ್ಟಿನಲ್ಲಿ ಜಗಳ ಆಗಲ್ಲ ಎಂದು ಮಾಲೀಕರು ಇಟ್ಟುಕೊಂಡಿದ್ದರು. ಜಗಳ ಆಗದೆ ಏನು, ದಿನಾ ಆಗುತ್ತಿತ್ತು. ಇವರು ಹೋಗಿ ಇಬ್ಬರ ಹೆಗಲ ಮೇಲೂ ಕೈ ಹಾಕಿ, "ನಿಂದೂ ಸರಿ ಕಣಪ್ಪ, ಅವನದ್ದೂ ಸರಿ" ಅನ್ನುತ್ತಿದ್ದರು. ಸರಿ ಅನ್ನಿಸಿಕೊಂಡ ಮೇಲೆ ಹೊಡೆದಾಡುವುದಕ್ಕೆ ಯಾರಿಗೆ ತಾನೇ ಮನಸ್ಸು ಬರುತ್ತೆ ಹೇಳಿ!

ನಿಟ್ಟೂರಿನಲ್ಲಿ ಗಂಗಣ್ಣನಿಗೂ ಅವನ ತಮ್ಮನಿಗೂ ಒಂದು ತೆಂಗಿನ ಮರಕ್ಕಾಗಿ ಜಗಳ ಬಿತ್ತು. ಬುಡ ಅಣ್ಣನ ಜಮೀನಿನಲ್ಲಿ, ತಲೆ ಬಾಗಿದ್ದು ತಮ್ಮನ ಕಡೆಗೆ. ಲಕ್ಷ್ಮೀನರಸಿಂಹಯ್ಯ ಮರವನ್ನು ಸುತ್ತು ಹಾಕಿ ನೋಡಿದರು. "ಹಗಲು ಬಿದ್ದ ಕಾಯಿ ಅಣ್ಣಂದು, ರಾತ್ರಿ ಬಿದ್ದಿದ್ದು ತಮ್ಮಂದು" ಅಂದರು. ಆಹಾ, ಏನು ನ್ಯಾಯ! ಅವತ್ತಿನಿಂದ ಹೊತ್ತು ಮುಳುಗುವ ಸಮಯಕ್ಕೆ ಅಣ್ಣ ತಮ್ಮ ಇಬ್ಬರೂ ಮರದ ಕೆಳಗೆ ಹಾಜರ್. ಅಣ್ಣ ಕಾಯಿಯ ಕಡೆ ನೋಡಿ "ಬೀಳೇ ನಮ್ಮವ್ವ" ಅನ್ನೋದು, ತಮ್ಮ "ಇನ್ನೊಂದ್ ಚೂರು ತಡ್ಕೋ ತಾಯಿ" ಅನ್ನೋದು. ಹೆಂಡತಿಯರು ಮುದ್ದೆ ಸಾರನ್ನು ಅಲ್ಲಿಗೇ ತಂದು ಬಡಿಸಬೇಕಾಯಿತು. ಕೊನೆಗೆ ಮರಕ್ಕೇ ಬೇಜಾರಾಯಿತೋ ಏನೋ, ಕಾಯಿ ಕಟ್ಟುವುದನ್ನೇ ನಿಲ್ಲಿಸಿಬಿಟ್ಟಿತು. ಆದರೂ ಅವರಿಬ್ಬರೂ ಇವತ್ತಿಗೂ ಲಕ್ಷ್ಮೀನರಸಿಂಹಯ್ಯನ ನ್ಯಾಯ ಅಂದರೆ ಕೈ ಮುಗಿಯುತ್ತಾರೆ.

ಮಗಳು ಹುಟ್ಟಿದಾಗಲೂ ಇದೇ ಕಥೆ. ಹೆಂಡತಿ ಚೆನ್ನಮ್ಮ ಮಾನಸಾ ಅಂತ ಹೆಸರಿಡಬೇಕು ಅಂದರು. ಇವರ ತಾಯಿ ಇಂಪನಾ ಅಂತಲೇ ಆಗಬೇಕು ಅಂದರು. ಇವರು ರೇಷನ್ ಕಾರ್ಡಿನಲ್ಲಿ ಇಂಪನಾ ಎಂದು ಬರೆಸಿ, ಸ್ಕೂಲಿನಲ್ಲಿ ಮಾನಸಾ ಎಂದು ಸೇರಿಸಿ ಬಂದರು. ಆ ಹುಡುಗಿ ದೊಡ್ಡವಳಾಗಿ, ಇಬ್ಬರಲ್ಲ ನಾನು ಒಬ್ಬಳೇ ಅಂತ ಆಫೀಸಿಂದ ಆಫೀಸಿಗೆ ತಿರುಗಿದ ಪಾಡು ನಾಯಿಗೂ ಬೇಡ.

ಈ ಮಾನಸಾ ಈಗ ಗುಬ್ಬಿಯ ಒಂದು ಪ್ರೈವೇಟ್ ಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮು ಕಟ್ಟಿದ್ದಾಳೆ. ಗುಬ್ಬಿಯಲ್ಲಿ ಫುಟ್‌ಬಾಲಾ ಅಂತ ನಗಬೇಡಿ, ಮೊದಲು ಎಲ್ಲರೂ ನಕ್ಕಿದ್ದರು. ಆ ಹುಡುಗಿಯರು ಜಿಲ್ಲೆಯಲ್ಲಿ ಗೆದ್ದು ವಿಭಾಗ ಮಟ್ಟಕ್ಕೆ ಹೋಗುವವರಿದ್ದರು. ಅಷ್ಟರಲ್ಲಿ ಕುಣಿಗಲ್‌ನ ಸಿದ್ದಗಂಗಯ್ಯನವರ ಮಗ ಅಂಜನ್ ಜೊತೆ ಸಂಬಂಧ ಕೂಡಿ ಬಂತು. ಹುಡುಗ ಬ್ಯಾಂಕಿನಲ್ಲಿದ್ದಾನೆ, ಮೆತ್ತಗಿನವನು, ಒಂದು ಕೆಟ್ಟ ಮಾತಿಲ್ಲ. ಹುಡುಗ ಹುಡುಗಿ ಫೋನ್ ನಂಬರು ತೆಗೆದುಕೊಂಡು ಮಾತಾಡಲು ಶುರು ಮಾಡಿದರು. ಎಲ್ಲ ಸರಿ ಅನ್ನುವಾಗ ಸಿದ್ದಗಂಗಯ್ಯ ಒಂದು ಮಾತು ಹೇಳಿ ಕಳಿಸಿದರು: ಮದುವೆ ಆದ ಮೇಲೆ ಹುಡುಗಿ ಕೆಲಸ ಬಿಡಬೇಕು. ಮನೆ ಸೊಸೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮೈದಾನದಲ್ಲಿ ಓಡಾಡುವುದು ನಮಗೆ ಒಗ್ಗಲ್ಲ.

ಮಾನಸಾ ಬಿಡಲ್ಲ ಅಂದಳು. ಚೆನ್ನಮ್ಮ, "ಬುಡು ಅತ್ಲಾಗೆ, ಬಂಗಾರದಂತ ಹುಡುಗ" ಅಂದರು. ಇಬ್ಬರೂ ಲಕ್ಷ್ಮೀನರಸಿಂಹಯ್ಯನ ಮುಖ ನೋಡಿದರು.

"ಅವ್ರು ಹೇಳೋದೂ ಸರಿ. ನೀನ್ ಹೇಳೋದೂ ಸರಿ ಕಣಮ್ಮ" ಎಂದು ಇವರು ಶುರು ಮಾಡಿದರು. "ಒಂದ್ ಕೆಲ್ಸ ಮಾಡು. ಮಧ್ಯಾಹ್ನದ ತಂಕ ಹೋಗಿದ್ ಬಾ. ಟ್ರ್ಯಾಕ್ ಪ್ಯಾಂಟ್ ಮೇಲೆ ಒಂದ್ ಸೀರೆ ಉಟ್ಕೊಂಡ್ಬುಟ್ರೆ..."

"ಅಪ್ಪ, ಕೆಲ್ಸ ಬಿಡ್ಬೇಕಾ, ಬೇಡ್ವಾ? ಅಷ್ಟು ಹೇಳು ಸಾಕು" ಅಂದಳು ಮಾನಸಾ.

ಲಕ್ಷ್ಮೀನರಸಿಂಹಯ್ಯ ಎದ್ದು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕಿದರು. ಬೆಳಿಗ್ಗೆ ತಾನೇ ಹಾಕಿದ್ದರು. ಮತ್ತೆ ಹಾಕಿದರು. ಕುಣಿಗಲ್‌ನವರು ಮುಂದಿನ ತಿಂಗಳು ಮಾತುಕತೆಗೆ ಬರುತ್ತಾರೆ, ಆಗ ನೋಡಿದರಾಯಿತು ಎಂದು ತಳ್ಳಿಬಿಟ್ಟರು.

ಇಂಥ ಮನುಷ್ಯ ಮಂಗಳೂರಿನಲ್ಲಿ ಹತ್ತಾರು ಸಾವಿರ ಜನರ ಮುಂದೆ ಫುಟ್‌ಬಾಲ್ ರೆಫ್ರಿ ಆಗಿದ್ದು ಹೇಗೆ ಅಂತೀರಾ? ಹೇಳ್ತೀನಿ ಕೇಳಿ.

ಮಂಗಳೂರಿನ ಎಣ್ಣೆ ಮಿಲ್ಲಿನ ಉದಯಕುಮಾರ್ ಎನ್ನುವವರು ಕೊಬ್ಬರಿ ನೋಡಲು ಈ ಕಡೆ ಬಂದಿದ್ದರು. ಅಂತರಸನಹಳ್ಳಿಯ ಫ್ಯಾಕ್ಟರಿ ಗೇಟಿನ ಮುಂದೆ ಅವರ ಕಾರು ಒಂದು ಮೊಪೆಡ್‌ಗೆ ತಾಗಿತು. ಕ್ಷಣದಲ್ಲಿ ಜನ ಸೇರಿದರು, ಕಾಲರ್ ಹಿಡಿಯುವ ಹಂತ. ಲಕ್ಷ್ಮೀನರಸಿಂಹಯ್ಯ ಊಟದ ಡಬ್ಬಿ ಹಿಡಿದುಕೊಂಡೇ ಗುಂಪಿನ ನಡುವೆ ಹೋಗಿ, "ಕಾರಿನವ್ರು ಮೊಪೆಡ್ ರಿಪೇರಿ ಮಾಡಿಸ್ಲಿ, ಮೊಪೆಡ್‌ನವ್ನು ಕಾರು ತೊಳ್ಕೊಡ್ಲಿ. ಇಬ್ರದ್ದೂ ಸರಿ" ಅಂದರು. ಸ್ವಲ್ಪ ಹೊತ್ತಿಗೆ ಮೊಪೆಡ್‌ನವನು ಬಕೆಟ್ ಹಿಡಿದು ಕಾರು ತೊಳೆಯುತ್ತಿದ್ದ, ಉದಯಕುಮಾರ್ ಅವನಿಗೆ ಟೀ ಕುಡಿಸುತ್ತಿದ್ದರು, ಇಬ್ಬರೂ ಸೆಲ್ಫಿ ತೆಗೆದುಕೊಂಡರು.

ಉದಯಕುಮಾರ್ ಇವರನ್ನು ಪಕ್ಕಕ್ಕೆ ಕರೆದರು. "ನಿಮಗೆ ಫುಟ್‌ಬಾಲ್ ಗೊತ್ತುಂಟಾ?"

"ಇಲ್ಲ ಸಾರ್. ಮಗಳಿಗೆ ಗೊತ್ತು."

"ನೀವು ಒಮ್ಮೆಯಾದರೂ ನೋಡಿದ್ದು ಉಂಟಾ? ಟಿವಿಯಲ್ಲಿ?"

"ಚಾನೆಲ್ ಬದಲಾಯಿಸುವಾಗ ಬರುತ್ತೆ. ತಕ್ಷಣ ಮುಂದಕ್ಕೆ ಹೋಗ್ತೀನಿ."

ಉದಯಕುಮಾರ್‌ಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನಿಮ್ಮನ್ನೇ ಮಾರಾಯ್ರೆ ನಾವು ಇಷ್ಟು ವರ್ಷ ಹುಡುಕಿದ್ದು!" ಅಂದರು.

ವಿಷಯ ಏನಪ್ಪಾ ಅಂದರೆ, ಅವರ ಊರಿನಲ್ಲಿ ಎರಡು ಬಡಾವಣೆಗಳಿಗೆ ಎರಡು ಕ್ಲಬ್ಬು. ಒಂದು ಕಡಲಸಿರಿ, ಇನ್ನೊಂದು ಯುವಮಿತ್ರ. ವರ್ಷಕ್ಕೊಮ್ಮೆ ಇಬ್ಬರಿಗೂ ಫೈನಲ್ ಮ್ಯಾಚು. ಸೋತವರು ವರ್ಷವಿಡೀ ರೆಫ್ರಿ ಮೋಸ ಮಾಡಿದ ಅನ್ನುತ್ತಾರೆ. ಒಂದು ವರ್ಷ ರೆಫ್ರಿ ಆಗಿದ್ದವನು ಕಡಲಸಿರಿ ಗೋಲ್‌ಕೀಪರ್‌ನ ಸೋದರಮಾವನ ಷಡ್ಡಕ ಎಂದು ಆಮೇಲೆ ಗೊತ್ತಾಯಿತು. ಬೆಂಗಳೂರಿನಿಂದ ಕರೆಸಿದವನು ಯುವಮಿತ್ರದವರ ಹೋಟೆಲಿನಲ್ಲಿ ಮೀನೂಟ ಮಾಡಿದ, ಅದೂ ಎರಡು ಸಲ ಸಾರು ಹಾಕಿಸಿಕೊಂಡು. ಮುನಿಸಿಪಲ್ ಎಲೆಕ್ಷನ್ನಿನಲ್ಲೂ ರಸ್ತೆ, ಚರಂಡಿ ಕೇಳುವವರಿಲ್ಲ. ನೀನು ಹೋದ ಮ್ಯಾಚಿನ ಆಫ್‌ಸೈಡ್ ತೀರ್ಪು ಒಪ್ಪುತ್ತೀಯಾ ಇಲ್ಲವಾ ಎಂದು ಕೇಳಿಯೇ ಓಟು. ಇಂಥ ಊರಿಗೆ ಆಟದ ಗಂಧಗಾಳಿ ಇಲ್ಲದ, ಯಾರಿಗೂ ಸಂಬಂಧಿಕನಲ್ಲದ, ಮೀನು ತಿನ್ನದ ಒಬ್ಬ ಮನುಷ್ಯ ಬೇಕಿತ್ತು.

ಎರಡೂ ಕ್ಲಬ್ಬಿನ ಹಿರಿಯರು ಸೇರಿ ಇವರಿಗೆ ಇಂಟರ್‌ವ್ಯೂ ಮಾಡಿದರು. ಒಂದು ಟೀಮಿನಲ್ಲಿ ಎಷ್ಟು ಜನ ಎಂದು ಕೇಳಿದಾಗ ಇವರು, "ಎಷ್ಟ್ ಜನ ಬಂದವ್ರೆ ನೋಡ್ಕೊಂಡು" ಅಂದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತೃಪ್ತಿಯಿಂದ ತಲೆದೂಗಿದರು. ಗೋಲು ಆಗುವುದು ಯಾವಾಗ ಅಂದಿದ್ದಕ್ಕೆ, "ಎಲ್ರಿಗೂ ಸಮಾಧಾನ ಆದಾಗ" ಅಂದರು. ಒಬ್ಬ ಮುದುಕರು ಎದ್ದು ಬಂದು ಶಾಲು ಹೊದಿಸಿಯೇ ಬಿಟ್ಟರು.

ಮನೆಗೆ ಬಂದು ಹೇಳಿದಾಗ ಚೆನ್ನಮ್ಮ ನಕ್ಕು ನಕ್ಕು ಕೆಮ್ಮಿದರು. ಮಾನಸಾ ನಗಲಿಲ್ಲ. ಅಪ್ಪನನ್ನು ನಡುಮನೆಯಲ್ಲಿ ಕೂರಿಸಿ, ನೆಲದ ಮೇಲೆ ಆಟಗಾರರ ಬದಲು ಕೊಬ್ಬರಿ ಗಿಟುಕು ಜೋಡಿಸಿ, ನಿಂಬೆಹಣ್ಣನ್ನು ಬಾಲು ಮಾಡಿ ಆಟ ಹೇಳಿಕೊಟ್ಟಳು. ಆಫ್‌ಸೈಡ್ ಹೇಳುವಷ್ಟರಲ್ಲಿ ಇವರು ಎರಡು ಗಿಟುಕು ತಿಂದು ಒಂದು ಟೀಮನ್ನೇ ಸೊರಗಿಸಿದ್ದರು.

"ಅಪ್ಪ, ಇದೆಲ್ಲ ಮರೆತ್ರೂ ಪರವಾಗಿಲ್ಲ" ಅಂದಳು ಕೊನೆಗೆ. "ಒಂದ್ ಮಾತ್ರ ನೆನಪಿಟ್ಕೋ. ಫೌಲ್ ಆಗಿದ್ರೆ ಆಗಿದೆ, ಇಲ್ದಿದ್ರೆ ಇಲ್ಲ. ಅರ್ಧ ಫೌಲ್ ಅಂತ ಇರಲ್ಲ."

"ಇರಲ್ವಾ?" ಎಂದು ನಿಜಕ್ಕೂ ಆಶ್ಚರ್ಯಪಟ್ಟರು ಲಕ್ಷ್ಮೀನರಸಿಂಹಯ್ಯ.

ಮ್ಯಾಚಿನ ದಿನ ಮೊದಲ ತಕರಾರು ಬಟ್ಟೆಯದು. ರೆಫ್ರಿ ಕಪ್ಪು ಚಡ್ಡಿ ಹಾಕಬೇಕಂತೆ. ಸ್ಕೂಲು ಬಿಟ್ಟ ಮೇಲೆ ಈಯಪ್ಪ ಚಡ್ಡಿಯಲ್ಲಿ ಹೊರಗೆ ಬಂದವರಲ್ಲ. ಪ್ಯಾಂಟು ಕೂಡದು ಅಂತ ಅವರು, ಚಡ್ಡಿ ಸಾಧ್ಯವಿಲ್ಲ ಅಂತ ಇವರು. ಕಡೆಗೆ ಪ್ಯಾಂಟನ್ನೇ ಮೊಣಕಾಲ ತನಕ ಮಡಚಿಕೊಂಡು, ಗದ್ದೆಗೆ ಇಳಿಯುವವರ ಹಾಗೆ ಮೈದಾನಕ್ಕೆ ಇಳಿದರು. ಸುತ್ತ ಜನಸಾಗರ, ಡೋಲು, ಬ್ಯಾಂಡು, ಪಟಾಕಿ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಒಬ್ಬ ಇನ್ನೊಬ್ಬನ ಕಾಲಿಗೆ ಒದ್ದ. ಲಕ್ಷ್ಮೀನರಸಿಂಹಯ್ಯ ಸೀಟಿ ಊದಿ ಇಬ್ಬರನ್ನೂ ಹುಲ್ಲಿನ ಮೇಲೆ ಕೂರಿಸಿದರು, ತಾವೂ ಕೂತರು. "ಏನಪ್ಪಾ ನಿನ್ ಸಮಸ್ಯೆ?" ಎಂದು ಒಬ್ಬನನ್ನು ಕೇಳಿದರು. ಅವನು ಹೇಳಿಕೊಂಡ. "ನಿಂದೇನು?" ಇನ್ನೊಬ್ಬ ಹೋದ ವರ್ಷದಿಂದ ಶುರು ಮಾಡಿದ. ಅಷ್ಟು ಹೊತ್ತು ಉಳಿದವರು ಬಾಲು ಹಿಡಿದು ನಿಂತಿದ್ದರು. ಜನ ಕೂಗಿದರು, ಚಪ್ಪಲಿ ತೋರಿಸಿದರು. ಇವರು ಏಳಲಿಲ್ಲ. ಇಬ್ಬರಿಗೂ ಕೈ ಕುಲುಕಿಸಿ, ಈ ಸಲ ಬಾಲು ಅವನಿಗೆ, ಮುಂದಿನ ಸಲ ಯಾರೇ ಒದ್ದರೂ ನಿನಗೆ, ಎಂದು ತೀರ್ಮಾನ ಕೊಟ್ಟು ಎದ್ದರು.

ಹೀಗೇ ನಡೆಯಿತು. ಕಡಲಸಿರಿಯವರು ಗೋಲು ಹೊಡೆದಾಗ ಯುವಮಿತ್ರದ ಗೋಲ್‌ಕೀಪರ್ ತನಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಂದ. ಇವರು ಹೋಗಿ ಅವನು ನಿಂತಿದ್ದ ಜಾಗದಲ್ಲಿ ನಿಂತು ನೋಡಿದರು. ಹೊಡೆಯುತ್ತಿದ್ದದ್ದು ನಿಜ. ಗೋಲು ಇರಲಿ, ಆದರೆ ಯುವಮಿತ್ರದವರಿಗೂ ಒಂದು ಅವಕಾಶ ಕೊಡೋಣ ಎಂದು ಇನ್ನೊಂದು ಕಡೆಯ ಗೋಲ್‌ಕೀಪರ್‌ನನ್ನು ಕಣ್ಣು ಕಿರಿದು ಮಾಡಿಕೊಂಡು ನಿಲ್ಲಲು ಹೇಳಿದರು. ಆ ಪುಣ್ಯಾತ್ಮ ಹಾಗೇ ನಿಂತ, ಗೋಲೂ ಆಯಿತು. ಒಂದು ಒಂದು ಸಮ. ಲೈನಿನಲ್ಲಿ ಬಾವುಟ ಹಿಡಿದಿದ್ದವನು ಬಾವುಟವನ್ನು ಮಡಚಿ ಜೇಬಿಗಿಟ್ಟುಕೊಂಡು ಕಡಲೆಕಾಯಿ ಕೊಂಡ. ಇಷ್ಟಾದರೂ ಜಗಳ ಇಲ್ಲ! ಉದಯಕುಮಾರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮೀಸೆ ತಿರುವುತ್ತಿದ್ದರು.

ಇನ್ನೇನು ಮುಗಿಯಿತು ಅನ್ನುವಾಗ ಕಡಲಸಿರಿಯ ಒಬ್ಬ ಹುಡುಗ ಎಲ್ಲರನ್ನೂ ದಾಟಿಕೊಂಡು ಗೋಲಿನ ಮುಂದೆ ಬಂದ. ಬಾಲು ಒದೆಯುವುದಕ್ಕೆ ಕಾಲೆತ್ತಿದ. ಹಿಂದಿನಿಂದ ಯುವಮಿತ್ರದವನು ಅವನ ಅಂಗಿ ಹಿಡಿದು ಎಳೆದ. ಅಂಗಿ ಹರಿದು ಕೈಗೆ ಬಂತು, ಹುಡುಗ ಬೋರಲು ಬಿದ್ದ.

ಡೋಲಿನವನೂ ಕೈ ಎತ್ತಿ ಹಾಗೇ ನಿಂತ.

ಎಳೆದವನು ಹರಿದ ಅಂಗಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಓಡಿಬಂದ. "ಸಾರ್, ಎಳೆದದ್ದು ಹೌದು" ಎಂದು ಮೆಲ್ಲಗೆ ಹೇಳಿದ. "ಆದರೆ ನೀವು ಇಬ್ಬರದ್ದೂ ಸರಿ ಅಂತ ಹೇಳಿ ಸಾರ್, ಇಲ್ಲದಿದ್ದರೆ ನನಗೆ ನಮ್ಮ ರೋಡಿಗೆ ಹೋಗ್ಲಿಕ್ಕೆ ಇಲ್ಲ."

ಲಕ್ಷ್ಮೀನರಸಿಂಹಯ್ಯನಿಗೆ ಅಯ್ಯೋ ಅನ್ನಿಸಿತು. "ನೋಡ್ರಪ್ಪಾ..." ಎಂದು ಬಾಯಿ ತೆರೆದರು. ಅಷ್ಟರಲ್ಲಿ ಬಿದ್ದ ಹುಡುಗ ಎದ್ದು ಬಂದ. ಗಲ್ಲದ ತುಂಬ ಮಣ್ಣು, ಕಣ್ಣಲ್ಲಿ ನೀರು. "ಸಾರ್, ನನಗೆ ಸಮಾಧಾನ ಎಲ್ಲ ಬೇಡ. ಅವನು ಎಳೆದನಾ ಇಲ್ವಾ? ಅಷ್ಟು ಹೇಳಿ ಸಾಕು" ಅಂದ.

ಲಕ್ಷ್ಮೀನರಸಿಂಹಯ್ಯನಿಗೆ ಮಾನಸಾ ನೆನಪಾದಳು. ಇದೇ ಮಾತನ್ನು ಮಗಳು ಮನೆಯಲ್ಲಿ ಕೇಳಿದ್ದಳು. ಆಗ ಕರಿಬೇವಿನ ಗಿಡವಾದರೂ ಇತ್ತು. ಇಲ್ಲಿ ಸುತ್ತಲೂ ನೋಡಿದರು, ನೀರು ಹಾಕುವುದಕ್ಕೆ ಏನೂ ಇರಲಿಲ್ಲ.

"ಎಳೆದ" ಅಂದರು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಜೋರಾಗಿ, "ಎಳೆದ ಕಣಯ್ಯ! ನಾನೇ ನೋಡ್ದೆ. ತಪ್ಪು ಅವನದ್ದೇ!"

ಜೀವಮಾನದಲ್ಲಿ ಮೊದಲ ಸಲ ಒಬ್ಬ ಮನುಷ್ಯನನ್ನು ತಪ್ಪು ಅಂದಿದ್ದರು. ಪೆನಾಲ್ಟಿ ಆಯಿತು, ಗೋಲು ಆಯಿತು, ಆಟ ಮುಗಿಯಿತು. ಆಮೇಲೆ ಮೈದಾನದಲ್ಲಿ ಕುರ್ಚಿಗಳು ಹಾರಾಡಿದವು. ಸೋತವರು ಹೊಡೆಯಲು ಬಂದರು, ಸರಿ. ಗೆದ್ದವರೂ ಬಂದರು! ಮೊದಲೇ ಹೀಗೆ ಹೇಳಿದ್ದರೆ ನಾಲ್ಕು ಗೋಲಿನಲ್ಲಿ ಗೆಲ್ಲುತ್ತಿದ್ದೆವು ಅಂತ ಅವರ ಸಿಟ್ಟು. ಉದಯಕುಮಾರ್ ಇವರನ್ನು ಮೀನಿನ ಐಸ್ ಗಾಡಿಯೊಳಗೆ ತುರುಕಿ ಹೊರಗೆ ಸಾಗಿಸಿದರು. ಬಂಗುಡೆ ಮೀನುಗಳ ಮಧ್ಯೆ ಮೂಗು ಮುಚ್ಚಿಕೊಂಡು ಕೂತ ಲಕ್ಷ್ಮೀನರಸಿಂಹಯ್ಯ ಚಳಿಗೆ ನಡುಗುತ್ತಲೇ ಒಳಗೊಳಗೇ ನಗುತ್ತಿದ್ದರು. ಯಾಕೆ ಅಂತ ಅವರಿಗೂ ತಿಳಿಯಲಿಲ್ಲ.

ಮಾರನೆಯ ದಿನ ಬಸ್ ಹತ್ತಿಸಲು ಬಂದ ಉದಯಕುಮಾರ್ ಮುಖ ಬಾಡಿತ್ತು. "ಎಂತ ಮಾಡಿದ್ರಿ ಮಾರಾಯ್ರೆ. ಎಳೆದದ್ದನ್ನು ಎಲ್ಲರೂ ನೋಡಿದ್ದಾರೆ. ಎಳೆದವನೇ ಒಪ್ಪಿದ್ದಾನೆ. ರೆಫ್ರಿ ಮೋಸ ಅಂತ ಹೇಳ್ಲಿಕ್ಕೇ ಇಲ್ಲ" ಅಂದರು. ಹೋಟೆಲುಗಳಲ್ಲಿ ಜನ ಟೀ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ವರ್ಷವಿಡೀ ಮಾತಾಡಲು ಇದ್ದ ಒಂದೇ ವಿಷಯ ಹೋಗಿತ್ತು. ಕಾರ್ಪೊರೇಟರ್ ಒಬ್ಬರಿಗೆ ಯಾರೋ ಚರಂಡಿ ಬಗ್ಗೆ ಕೇಳಿದರಂತೆ, ಪಾಪ ಅವರು ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ.

ಅದಾದ ಭಾನುವಾರ ಕುಣಿಗಲ್‌ನವರು ಮರಳೂರಿಗೆ ಬಂದರು. ಸಿದ್ದಗಂಗಯ್ಯ, ಅವರ ಹೆಂಡತಿ ಮಹಾಲಕ್ಷ್ಮಮ್ಮ, ಹುಡುಗ ಅಂಜನ್. ಚೆನ್ನಮ್ಮ ಬೆಳಿಗ್ಗೆಯಿಂದ ಒಬ್ಬಟ್ಟು ಬೇಯಿಸಿದ್ದರು, ಮನೆಯೆಲ್ಲ ಘಮಘಮ. ಮಾನಸಾ ಹಸಿರು ಸೀರೆ ಉಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

ಸಿದ್ದಗಂಗಯ್ಯ ನೀರು ಕುಡಿದು ಲೋಟ ಕೆಳಗಿಟ್ಟರು. "ಬೀಗ್ರೆ, ನಂದು ಒಂದೇ ಮಾತು. ಹುಡುಗಿ ಬಗ್ಗೆ ನಮಗೆ ಎರಡು ಮಾತಿಲ್ಲ. ಕೆಲ್ಸ ಬಿಟ್ರೆ ಇವತ್ತೇ ತಾಂಬೂಲ ಬದಲಾಯಿಸ್ಕೊಳ್ಳಣ."

"ನಾನು ಬಿಡಲ್ಲ ಅಂತ ಹೇಳಿದೀನಿ. ಮಕ್ಳು ನನ್ನ ನಂಬ್ಕೊಂಡ್ ಅವ್ರೆ" ಅಂದಳು ಮಾನಸಾ. ಹೇಳಿ ಅಂಜನ್ ಕಡೆ ನೋಡಿದಳು. ಆ ನೋಟದಲ್ಲಿ ಕೋಪ ಇರಲಿಲ್ಲ, ಬೇಡಿಕೆ ಇತ್ತು. ಲಕ್ಷ್ಮೀನರಸಿಂಹಯ್ಯ ಅದನ್ನು ಕಂಡರು.

"ನೀನು ಏನಂತೀಯಪ್ಪ?" ಎಂದು ಹುಡುಗನನ್ನೇ ಕೇಳಿದರು.

ಅಂಜನ್ ಅಪ್ಪನ ಮುಖ ನೋಡಿದ, ಮಾನಸಾಳ ಮುಖ ನೋಡಿದ. ಪಾಪ, ನಿಜವಾಗಿಯೂ ಒಳ್ಳೆಯ ಹುಡುಗ. "ಅಪ್ಪ ಹೇಳೋದೂ ಸರಿ ಅಂಕಲ್" ಅಂದ. "ಇವ್ರು ಹೇಳೋದೂ ಸರಿ. ಇಬ್ರಿಗೂ ಬೇಜಾರಾಗದಂಗೆ ಏನಾದ್ರೂ ಒಂದು..."

ಲಕ್ಷ್ಮೀನರಸಿಂಹಯ್ಯ ಅವನನ್ನೇ ನೋಡುತ್ತ ಕೂತರು. ಆ ಮೆತ್ತಗಿನ ನಗು, ಎರಡೂ ಕೈ ಚಾಚಿ ಎರಡೂ ಕಡೆಯವರನ್ನು ಸಮಾಧಾನ ಮಾಡುವ ರೀತಿ, ಯಾರ ಕಡೆಗೂ ನಿಲ್ಲದ ಆ ಕಣ್ಣು. ಈ ಮನೆಯಲ್ಲಿ ಚೆನ್ನಮ್ಮ ಅತ್ತೆಯ ಜೊತೆ ಒಬ್ಬಳೇ ಏಗಿದ್ದು, ಒಲೆ ಮುಂದೆ ಒಬ್ಬಳೇ ಅತ್ತಿದ್ದು, ಆಗೆಲ್ಲ ತಾವು ಇದೇ ನಗು ನಗುತ್ತ ಇದೇ ಪಡಸಾಲೆಯಲ್ಲಿ ಕೂತಿದ್ದು ನೆನಪಾಗಿ ಅವರಿಗೆ ತಲೆ ಎತ್ತಲು ನಾಚಿಕೆಯಾಯಿತು.

"ಇಲ್ಲ" ಅಂದರು.

"ಏನ್ ಇಲ್ಲ?" ಸಿದ್ದಗಂಗಯ್ಯ ಕೇಳಿದರು.

"ನನ್ನ ಮಗಳು ಕೆಲ್ಸ ಬಿಡಲ್ಲ. ಅವಳು ಹೇಳೋದೇ ಸರಿ. ನೀವು ಹೇಳ್ತಿರೋದು ತಪ್ಪು."

ಚೆನ್ನಮ್ಮನ ಕೈಯಿಂದ ತುಪ್ಪದ ಮಿಳ್ಳೆ ಜಾರಿತು. ಸಿದ್ದಗಂಗಯ್ಯ ಸ್ವಲ್ಪ ಹೊತ್ತು ಕಾದರು, ಇನ್ನೊಂದು ಅರ್ಧ ಬರುತ್ತದೆ ಎಂದು. ಬರಲಿಲ್ಲ. "ತಪ್ಪು ಅನ್ನಿಸ್ಕೊಳ್ಳೋಕೆ ಕುಣಿಗಲ್ಲಿಂದ ಬರ್ಬೇಕಾಗಿತ್ತಾ?" ಎಂದು ಟವೆಲ್ ಕೊಡವಿ ಎದ್ದರು. ಮಹಾಲಕ್ಷ್ಮಮ್ಮ ಒಬ್ಬಟ್ಟಿನ ಕಡೆ ಒಮ್ಮೆ ನೋಡಿ ಗಂಡನ ಹಿಂದೆ ಹೊರಟರು. ಅಂಜನ್ ಬಾಗಿಲಲ್ಲಿ ನಿಂತು ತಿರುಗಿ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಹೊರಗಿನಿಂದ ಅಪ್ಪ ಕರೆದರು. ಹೋದ.

ಚೆನ್ನಮ್ಮ ಬಾಯಿಗೆ ಬಂದಂತೆ ಬೈದರು. "ಮೂವತ್ ವರ್ಷ ಬಾಯಿ ಹೊಲ್ಕೊಂಡಿದ್ದೋನಿಗೆ ಇವತ್ತೇ ಪೌರುಷ ಬಂತಾ!" ಬೈದು ಬೈದು ಸುಸ್ತಾಗಿ ಒಳಗೆ ಹೋದರು. ಮಾನಸಾ ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಖುಷಿ ಪಡುತ್ತಾಳೆ ಅಂದುಕೊಂಡಿದ್ದರು. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು.

"ಯಾಕಮ್ಮ? ನಾನು ಹೇಳಿದ್ದು ತಪ್ಪಾಯ್ತಾ?"

"ಇಲ್ಲಪ್ಪ. ಸರಿಯಾಗೇ ಹೇಳ್ದೆ." ಸೀರೆ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಆದ್ರೆ ನಂಗೆ ಅವನು ತುಂಬ ಇಷ್ಟ ಇದ್ದ ಕಣಪ್ಪ. ಥೇಟ್ ನಿನ್ ಥರಾನೇ ಇದ್ದ."

ಲಕ್ಷ್ಮೀನರಸಿಂಹಯ್ಯ ಅವಳ ತಲೆಯ ಮೇಲೆ ಕೈಯಿಟ್ಟರು.

"ಗೊತ್ತು ಕಣಮ್ಮ. ಅದಕ್ಕೇ ಬೇಡ ಅಂದಿದ್ದು."